‘ಉದ್ಯೋಗ: ಇಲ್ಲ’ – ಒಂದು ವಾರ್ಡಿನ 27 ದಿನ

ಇದು 2024ರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ನಡೆದದ್ದು. ನಾನು ಆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ರೋಗಿಯನ್ನು ಕುಮಾರ ಎಂದು ಕರೆಯುತ್ತೇನೆ, ಅದು ಅವನ ಹೆಸರಲ್ಲ. ವಯಸ್ಸು ಮತ್ತು ಮನೆಯ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ನಾವು ಮಾಡಿದ್ದನ್ನು ಮಾತ್ರ ಬದಲಿಸಿಲ್ಲ. ಇನ್ನೊಂದು ಮಾತು. 27 ವರ್ಷದ ಗಂಡಸನ್ನು ವಾರ್ಡಿನಲ್ಲಿ ಎಲ್ಲರೂ ಮಗುವಿನ ಹಾಗೆ ‘ಅವನು’ ಅನ್ನುತ್ತಿದ್ದೆವು. ಇಲ್ಲೂ ಹಾಗೇ ಬರೆದಿದ್ದೇನೆ, ಅದೂ ಪ್ರಕರಣದ ಒಂದು ಭಾಗವೇ.

ನಮ್ಮದು 24 ಹಾಸಿಗೆಯ ಗಂಡಸರ ವಾರ್ಡ್. ಅದರ ಒಂದು ಬದಿಯ 6 ಹಾಸಿಗೆಗಳನ್ನು ಆಟಿಸಂ ಇರುವ ದೊಡ್ಡವರಿಗೆಂದು ಬಿಟ್ಟಿದ್ದೆವು. ಚಿಕ್ಕವರಾಗಿದ್ದಾಗ ಥೆರಪಿ, ವಿಶೇಷ ಶಾಲೆ ಅಂತ ಏನಾದರೂ ಸಿಗುತ್ತದೆ. 18 ದಾಟಿದ ಮೇಲೆ ಖಿನ್ನತೆಯೋ ವಿಪರೀತ ಆತಂಕವೋ ಬಂದರೆ ಅಪ್ಪ ಅಮ್ಮ ಊರೆಲ್ಲ ಸುತ್ತಿ ಕೊನೆಗೆ ಮಾಮೂಲಿ ವಾರ್ಡಿಗೇ ಕರೆತರುತ್ತಾರೆ. ಅಲ್ಲಿನ ಗದ್ದಲಕ್ಕೆ ಬಂದ ಕಾಯಿಲೆ ಇನ್ನಷ್ಟು ಜಾಸ್ತಿಯಾಗುತ್ತದೆ. ಹಾಗಾಗಿ ಈ ಬದಿಯಲ್ಲಿ ಮಿಣುಗುವ ಟ್ಯೂಬ್‌ಲೈಟ್ ತೆಗೆಸಿದ್ದೆವು. ಫಿನಾಯಿಲ್ ಬಿಟ್ಟು ವಾಸನೆ ಕಮ್ಮಿ ಇರುವ ಕ್ಲೀನರ್ ತರಿಸಿದ್ದೆವು. ಊಟದ ಟ್ರಾಲಿಯ ಚಕ್ರಕ್ಕೆ ರಬ್ಬರ್ ಹಾಕಿಸಿದ್ದೆವು. ಇಷ್ಟು ಮಾಡಿ ನಮ್ಮ ಬಗ್ಗೆ ನಮಗೆ ಸ್ವಲ್ಪ ಹೆಮ್ಮೆಯೇ ಇತ್ತು. ರಾತ್ರಿ ಪಾಳಿಗೆ ಮಾತ್ರ 24 ಜನಕ್ಕೆ ಇಬ್ಬರು ನರ್ಸ್, ಒಬ್ಬ ಅಟೆಂಡರ್. ಅದು ಬದಲಾಗಿರಲಿಲ್ಲ.

ಸೇರಿಸಿಕೊಂಡ ದಿನ

ಏಪ್ರಿಲ್ ಕೊನೆಯ ವಾರ. ಕುಮಾರನ ಮನೆ ನಗರದ ಅಂಚಿನಲ್ಲಿ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದರಲ್ಲಿ. ಅಪ್ಪ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ವಾಚ್‌ಮನ್. ಅಮ್ಮ ಮನೆಯಲ್ಲೇ ಹೂ ಕಟ್ಟುತ್ತಾರೆ. ಕುಮಾರನಿಗೆ ಆಟಿಸಂ, ಮಾತು ಕಮ್ಮಿ. ಆಡಿದರೆ ಒಂದೊಂದೇ ಪದ.

ಅಮ್ಮ ಹೇಳಿದ್ದು ಇಷ್ಟು. ಒಂದೂವರೆ ತಿಂಗಳಿಂದ ನಿದ್ದೆ ಇಲ್ಲ. ಊಟ ಅರ್ಧಕ್ಕರ್ಧ ಕಮ್ಮಿ. ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಮೊನ್ನೆ ಅಮ್ಮನಿಗೇ ಹೊಡೆದ. ಅದಕ್ಕೆ ಮುಂಚೆ ಒಂದು ದಿನವೂ ಕೈ ಎತ್ತಿದವನಲ್ಲ. ತೂಕ 8 ಕೆಜಿ ಇಳಿದಿತ್ತು.

ಮಾತಾಡದವರ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ನೋವನ್ನು ಹುಡುಕಬೇಕು. ಹಲ್ಲು, ಕಿವಿ, ಹೊಟ್ಟೆ, ಮೂತ್ರ. ಅದನ್ನು ಮಾಡಿದೆವು. ಮಲಬದ್ಧತೆ ಬಿಟ್ಟರೆ ಬೇರೇನೂ ಸಿಗಲಿಲ್ಲ, ಅದಕ್ಕೆ ಔಷಧ ಕೊಟ್ಟೆವು. ಒಳಗೆ ಸೇರುವ ಬಗ್ಗೆ ಅವನೇ ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಹಾಗಾಗಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಸೆಕ್ಷನ್ನಿನಡಿ, ಅಮ್ಮನನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ, ಅಂದರೆ ಅವನ ಪರವಾಗಿ ಮಾತಾಡುವವರಾಗಿ, ಇಟ್ಟುಕೊಂಡು ಸೇರಿಸಿಕೊಂಡೆವು. ಹೀಗೆ ಸೇರಿಸಿಕೊಂಡರೆ ಹೆಚ್ಚೆಂದರೆ 30 ದಿನ. ಅದರ ಮೇಲೆ ಇಟ್ಟುಕೊಳ್ಳಬೇಕಾದರೆ ಬೇರೆ ಸೆಕ್ಷನ್, ಮತ್ತೆ ಪರೀಕ್ಷೆ.

ಫಾರಂ ತುಂಬಿದ್ದು ನಾನೇ. ‘ಉದ್ಯೋಗ’ ಎಂಬ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ. ಅಮ್ಮ ಎದುರಿಗೇ ಕೂತಿದ್ದರು. ಕೇಳಲಿಲ್ಲ. ಇದರಲ್ಲಿ ಕೇಳುವುದೇನಿದೆ ಅನ್ನಿಸಿತು.

ಮೊದಲ ವಾರ

ಮೊದಲ ರಾತ್ರಿ 11ಕ್ಕೆ ಎದ್ದು ಬಾತ್‌ರೂಮಿಗೆ ಹೋದ. ಅಲ್ಲಿ ನಾಲ್ಕು ನಲ್ಲಿ. ಒಂದಾದ ಮೇಲೆ ಒಂದು ತಿರುಗಿಸಿದ, ನೋಡಿದ, ಹಾಗೇ ಬಿಟ್ಟು ಬಂದು ಮಲಗಿದ. ಕಾಲು ಗಂಟೆಗೆ ಮತ್ತೆ ಎದ್ದ. ಬೆಳಗಾಗುವಷ್ಟರಲ್ಲಿ ಇಪ್ಪತ್ತು ಸಲವಾದರೂ ಹೋಗಿರಬೇಕು. ಪ್ರತಿ ಸಲ ಯಾರಾದರೂ ಕೈ ಹಿಡಿದು ಕರೆತಂದು ಮಲಗಿಸಿದರು. ನಡುನಡುವೆ “ನೀರು, ನೀರು” ಅಂದ. ಡ್ಯೂಟಿಯಲ್ಲಿದ್ದ ಸಿಸ್ಟರ್ ಲೋಟದಲ್ಲಿ ನೀರು ಕೊಟ್ಟರು. ಎಸೆದ. ‘ನೀರು ಕೊಟ್ಟರೂ ಕುಡಿಯದೆ ಎಸೆದಿದ್ದಾನೆ’ ಎಂದು ಪುಸ್ತಕದಲ್ಲಿ ಬರೆದರು. ಎರಡನೇ ರಾತ್ರಿಯೂ ಅದೇ ಕಥೆ.

ಮೂರನೇ ರಾತ್ರಿ ಅಟೆಂಡರ್ ಬಾತ್‌ರೂಮಿಗೆ ಬೀಗ ಹಾಕಿದ. ಬೇರೆಯವರು ಬೇಕಾದರೆ ಕೇಳಿ ತೆಗೆಸಿಕೊಳ್ಳಲಿ ಎಂದು. ಕುಮಾರ ಬಾಗಿಲಿಗೆ ತಲೆ ಚಚ್ಚಿದ. ತಡೆಯಲು ಹೋದ ಅಟೆಂಡರ್‌ನ ಮುಂಗೈ ಕಚ್ಚಿದ. ಪಕ್ಕದ ವಾರ್ಡಿನಿಂದ ಇಬ್ಬರು ಬಂದರು. ನಾಲ್ಕು ಜನ ಸೇರಿ ಹಿಡಿದು, ಎರಡೂ ಕೈ ಕಟ್ಟಿ, ಉದ್ರೇಕ ಇಳಿಸುವ ಹ್ಯಾಲೊಪೆರಿಡಾಲ್ ಮತ್ತು ಪ್ರೊಮೆಥಝೀನ್ ಇಂಜೆಕ್ಷನ್ ಕೊಟ್ಟರು. 40 ನಿಮಿಷ ಕಟ್ಟಿದ್ದರು.

ಕಟ್ಟುವುದಕ್ಕೆ ಅದೇ ಕಾಯ್ದೆಯ 97ನೇ ಸೆಕ್ಷನ್ ಇದೆ. ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಮನೋವೈದ್ಯರ ಒಪ್ಪಿಗೆ ಬೇಕು. ಕಾರಣ, ಸಮಯ ಎಲ್ಲ ದಾಖಲಾಗಬೇಕು. 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು. ಸಿಬ್ಬಂದಿ ಕಮ್ಮಿ ಇದ್ದಾರೆ ಎಂಬುದು ಕಟ್ಟಲು ಕಾರಣವಾಗಬಾರದು ಎಂದೂ ಅಲ್ಲಿ ಬರೆದಿದೆ. ಒಪ್ಪಿಗೆ ಪಡೆದೆವು, ಬರೆದೆವು, ಅಮ್ಮನಿಗೆ ಫೋನ್ ಮಾಡಿದೆವು. ಕಾಗದದಲ್ಲಿ ಎಲ್ಲ ಸರಿ. ‘ಕಾರಣ: ಹಿಂಸಾತ್ಮಕ ವರ್ತನೆ.’ ಅದಕ್ಕೆ ಮುಂಚೆ ನಾವು ಬೀಗ ಹಾಕಿದ್ದು ಎಲ್ಲೂ ಇಲ್ಲ. ನಾನೂ ಆ ಪುಟಕ್ಕೆ ಸಹಿ ಹಾಕಿದೆ.

ರಿಸ್ಪೆರಿಡೋನ್ 2 ಮಿಲಿಗ್ರಾಂನಿಂದ 4ಕ್ಕೆ, 4ರಿಂದ 6ಕ್ಕೆ ಏರಿತು. ಇದು ಹುಚ್ಚಾಪಟ್ಟೆ ತೀರ್ಮಾನವೇನಲ್ಲ. ಆಟಿಸಂ ಇರುವ 5ರಿಂದ 16 ವರ್ಷದವರ ಸಿಡುಕಿಗೆ ಅಮೆರಿಕದಲ್ಲಿ 2006ರಲ್ಲೇ ಒಪ್ಪಿಗೆ ಸಿಕ್ಕ ಮಾತ್ರೆ ಅದು. ದೊಡ್ಡವರಿಗೂ ಎಲ್ಲ ಕಡೆ ಕೊಡುತ್ತಾರೆ.

ಔಷಧದ ಜೊತೆ ಬೇರೆ ಪ್ರಯತ್ನವನ್ನೂ ಮಾಡಿದೆವು. ಇಂಟರ್‌ನೆಟ್ಟಿನಿಂದ ಚಿತ್ರದ ಕಾರ್ಡುಗಳನ್ನು ಪ್ರಿಂಟ್ ಹಾಕಿ ಹಾಸಿಗೆ ಪಕ್ಕ ಅಂಟಿಸಿದೆವು. ಬ್ರೆಡ್ಡು, ಹಾಲಿನ ಡಬ್ಬ, ಶವರ್ ಕೆಳಗೆ ನಿಂತ ಹುಡುಗ. ನಮ್ಮ ವಾರ್ಡಿನಲ್ಲಿ ಇರುವುದು ಬಕೆಟ್ಟು, ಚೊಂಬು, ಇಡ್ಲಿ. ಅವನು ಆ ಕಾರ್ಡುಗಳ ಕಡೆ ತಿರುಗಿಯೂ ನೋಡಲಿಲ್ಲ. ‘ಚಿತ್ರಗಳಿಗೆ ಸ್ಪಂದಿಸುತ್ತಿಲ್ಲ’ ಎಂದು ಬರೆದೆವು. ಊಟದ್ದೂ ಇದೇ ಗತಿ. ಅನ್ನದ ಮೇಲೆ ಸಾಂಬಾರ್ ಸುರಿದರೆ ತಟ್ಟೆ ದೂಡುತ್ತಿದ್ದ. ಖಾನೆ ಇರುವ ತಟ್ಟೆಯಲ್ಲಿ ಬೇರೆ ಬೇರೆ ಬಡಿಸಿದರೆ ಅನ್ನ ಒಂದನ್ನೇ ತಿನ್ನುತ್ತಿದ್ದ. ಇದನ್ನು ಕಂಡುಹಿಡಿಯಲು ಐದು ದಿನ ಬೇಕಾಯಿತು. ಅಮ್ಮನನ್ನು ಕೇಳಿದ್ದರೆ ಐದು ನಿಮಿಷ. ಆದರೆ ಗಂಡಸರ ವಾರ್ಡು, ಅಮ್ಮ ಬರಬಹುದಾದದ್ದು ಸಂಜೆ 4ರಿಂದ 6ರವರೆಗೆ ಮಾತ್ರ. ಆ ಹೊತ್ತಿನಲ್ಲಿ ನಾವು ಔಷಧ ಹಂಚುತ್ತಾ ಇರುತ್ತೇವೆ.

ಘಟನೆಗೆ ಮೊದಲು ಏನಾಯಿತು, ಏನು ಮಾಡಿದ, ಆಮೇಲೆ ಏನಾಯಿತು ಎಂದು ಮೂರು ಕಾಲಂನ ಚಾರ್ಟ್ ಕೂಡ ಇಟ್ಟಿದ್ದೆವು. ಇಂಥ ವಾರ್ಡುಗಳಲ್ಲಿ ಅದು ಇರಲೇಬೇಕು. ಆ ವಾರದ 14 ಘಟನೆಗಳಲ್ಲಿ 11ಕ್ಕೆ ‘ಮೊದಲು’ ಎಂಬ ಕಾಲಂನಲ್ಲಿ ಬರೆದದ್ದು ‘ಏನೂ ಇಲ್ಲ’, ‘ಕಾರಣವಿಲ್ಲದೆ’, ಒಂದು ಕಡೆ ‘ಸುಮ್ನೆ’. ಚಾರ್ಟ್ ತುಂಬಿದೆಯಾ ಎಂದು ನಾನು ದಿನಾ ನೋಡುತ್ತಿದ್ದೆ. ಏನು ತುಂಬಿದೆ ಎಂದು ನೋಡಲಿಲ್ಲ.

‘ಶಾಂತ’

ಎಂಟನೇ ದಿನದಿಂದ ಗಲಾಟೆ ನಿಂತಿತು. ಪಾಳಿ ಬದಲಾಗುವಾಗ ಬರೆದಿಡುವ ಹ್ಯಾಂಡೋವರ್ ಪುಸ್ತಕದಲ್ಲಿ ಮೂರು ದಿನ, ಮೂರೂ ಪಾಳಿ, ಅವನ ಹೆಸರಿನ ಮುಂದೆ ಒಂದೇ ಪದ: ‘ಶಾಂತ’. ರೌಂಡ್ಸಿನಲ್ಲಿ ನಾನೇ ಡಾಕ್ಟರ್‌ಗೆ ಹೇಳಿದೆ, ಡೋಸ್ ಹಿಡಿದಿದೆ ಸರ್, ಈಗ ಚೆನ್ನಾಗಿದ್ದಾನೆ ಎಂದು. ಎಲ್ಲರಿಗೂ ನೆಮ್ಮದಿ.

ಹನ್ನೊಂದನೇ ರಾತ್ರಿ ಡ್ಯೂಟಿಯಲ್ಲಿದ್ದವಳು ಕೆಲಸಕ್ಕೆ ಸೇರಿ ಆರೇ ತಿಂಗಳಾಗಿದ್ದ ಹುಡುಗಿ. ‘ಶಾಂತ’ ಎಂದು ಬರೆಯುವ ಜಾಗದಲ್ಲಿ ಅವಳು ಅರ್ಧ ಪುಟ ಬರೆದಿದ್ದಳು. ‘2:10. ಬಾತ್‌ರೂಮ್ ಹೊಸ್ತಿಲಲ್ಲಿ ನಿಂತಿದ್ದಾನೆ. ಒಂದು ಕಾಲು ಒಳಗೆ, ಒಂದು ಹೊರಗೆ. ಬಲಗೈ ಮುಂದೆ ಚಾಚಿದೆ. 2:35. ಹಾಗೇ ಇದ್ದಾನೆ. 3:05. ಹಾಗೇ ಇದ್ದಾನೆ. ಕರೆದರೆ ಕಣ್ಣು ಮಾತ್ರ ತಿರುಗುತ್ತದೆ. ಭುಜ ಮುಟ್ಟಿದ ಮೇಲೆ ಒಂದು ಹೆಜ್ಜೆ ಇಟ್ಟ, ಮತ್ತೆ ನಿಂತ. ರಾತ್ರಿ ಒಂದು ಇಡ್ಲಿ ತಿನ್ನಲು 50 ನಿಮಿಷ ತೆಗೆದುಕೊಂಡಿದ್ದ. ಇದು ನಿದ್ದೆಯೂ ಅಲ್ಲ, ಶಾಂತವೂ ಅಲ್ಲ ಅನ್ನಿಸುತ್ತದೆ.’ ಬರೆದು ಸುಮ್ಮನಾಗದೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿದ್ದಳು. ರಾತ್ರಿ ಮೂರಕ್ಕೆ, ಗಲಾಟೆ ಮಾಡದ ರೋಗಿಗಾಗಿ. ನಾನು ಅವಳ ಜಾಗದಲ್ಲಿ ಇದ್ದಿದ್ದರೆ ಎಬ್ಬಿಸುತ್ತಿರಲಿಲ್ಲ.

ಡಾಕ್ಟರ್‌ಗೆ ಬಂದ ಅನುಮಾನ ಕ್ಯಾಟಟೋನಿಯಾ. ಮೈ ಮನಸ್ಸಿನ ಮಾತು ಕೇಳದೆ ಸ್ತಬ್ಧವಾಗುವ ಸ್ಥಿತಿ. ನಿಂತಲ್ಲೇ ನಿಲ್ಲುವುದು, ಶುರು ಮಾಡಿದ ಕೆಲಸ ಮುಗಿಸಲಾಗದಿರುವುದು, ಯಾರಾದರೂ ಮುಟ್ಟಿದರೆ ಮಾತ್ರ ಮುಂದಕ್ಕೆ ಹೋಗುವುದು. ಆಟಿಸಂ ಇರುವವರಲ್ಲಿ ಇದು ಅಪರೂಪವಲ್ಲ. ಬ್ರಿಟನ್ನಿನ ಆಟಿಸಂ ತಜ್ಞರಾದ ಲೋರ್ನಾ ವಿಂಗ್ ಮತ್ತು ಅಮಿತಾ ಷಾ 2000ದಲ್ಲೇ ಇದನ್ನು ಬರೆದಿದ್ದಾರೆ. ತಮ್ಮ ಬಳಿ ಬಂದ, 15 ವರ್ಷ ದಾಟಿದವರಲ್ಲಿ ಶೇ 17ರಷ್ಟು ಜನರಲ್ಲಿ ಇದು ಕಂಡಿತ್ತು. ಗೊತ್ತಾಗದೆ ಹೋಗುವುದಕ್ಕೆ ಕಾರಣ ಸರಳ: ಆಟಿಸಂ ಅಂದರೆ ಹಾಗೇ, ಮೊಂಡು, ನಿಧಾನ ಎಂದುಕೊಂಡು ಬಿಡುತ್ತೇವೆ. ಇದನ್ನು ಅಳೆಯಲು ಬುಷ್-ಫ್ರಾನ್ಸಿಸ್ ಎಂಬ 23 ಅಂಶಗಳ ಪಟ್ಟಿ ಇದೆ. ಮೊದಲ 14ರಲ್ಲಿ ಎರಡು ಕಂಡರೂ ಅನುಮಾನಪಡಬೇಕು. ಕುಮಾರನಲ್ಲಿ ಐದು ಕಂಡವು.

ಬೆಳಿಗ್ಗೆ ಸಣ್ಣ ಜಗಳವೇ ಆಯಿತು. ಇದು ಔಷಧದ ಮಂಪರು, ಡೋಸ್ ಇಳಿಸಿ ಎರಡು ದಿನ ಕಾಯೋಣ ಎಂದರು ಒಬ್ಬ ಹಿರಿಯರು. ಕಾಯುವುದರಲ್ಲಿ ಅಪಾಯವಿತ್ತು. ಕ್ಯಾಟಟೋನಿಯಾ ಇದ್ದವರಿಗೆ ರಿಸ್ಪೆರಿಡೋನ್‌ನಂಥ ಮಾತ್ರೆ ಮುಂದುವರಿಸಿದರೆ ಜ್ವರ ಏರಿ, ಮೈ ಬಿಗಿದು, ಪ್ರಾಣಕ್ಕೇ ಕುತ್ತು ಬರಬಹುದು. ಅವನ ಜ್ವರ, ಬಿಪಿ, ಸ್ನಾಯುಗಳಿಗೆ ಹಾನಿಯಾಗಿದ್ದರೆ ರಕ್ತದಲ್ಲಿ ಏರುವ ಸಿಪಿಕೆ ನೋಡಿದೆವು, ಅಲ್ಲಿಯವರೆಗೆ ಹೋಗಿರಲಿಲ್ಲ. ರಿಸ್ಪೆರಿಡೋನ್ ನಿಲ್ಲಿಸಿದರು. ಲೊರಾಝೆಪಾಮ್ 2 ಮಿಲಿಗ್ರಾಂ ಇಂಜೆಕ್ಷನ್ ಕೊಟ್ಟು ನೋಡುವುದು ಎಂದಾಯಿತು. ಬೇರೆಯವರನ್ನು ಮಲಗಿಸುವ ಈ ಔಷಧ, ಇಂಥವರನ್ನು ಎಬ್ಬಿಸುತ್ತದೆ.

ಸಮಯ 10:20. ಇಂಜೆಕ್ಷನ್ ಆಗಿ ಇಪ್ಪತ್ತು ನಿಮಿಷಕ್ಕೆ ಅವನ ಭುಜ ಸಡಿಲವಾಯಿತು. ಎದ್ದ. ಯಾರೂ ಮುಟ್ಟದೆ ನಡೆದ. ನೇರ ಬಾತ್‌ರೂಮಿಗೆ. ಮೊದಲ ನಲ್ಲಿ ತಿರುಗಿಸಿದ. ನೀರು ಬಿತ್ತು. ಅದನ್ನೇ ನೋಡುತ್ತಾ “ಬಂತು” ಅಂದ.

ನಾನು ಹಿಂದೆಯೇ ನಿಂತಿದ್ದೆ. ನಾನು ಇದೇ ಊರಲ್ಲಿ ಹುಟ್ಟಿ ಬೆಳೆದವಳು. ಬೆಳಿಗ್ಗೆ ಎದ್ದು ಅಕ್ಕಪಕ್ಕದವರು ಮಾತಾಡುವ ಮೊದಲ ಮಾತೇ “ನೀರು ಬಂತಾ?” ಅನ್ನುವ ಬೀದಿ ನಮ್ಮದು. ಲೋಟದಲ್ಲಿ ನೀರು ಕೊಟ್ಟ ಸಿಸ್ಟರ್ ಕೇರಳದವರು, ಅವರಿಗೆ ತಿಳಿಯದಿದ್ದರೆ ತಪ್ಪಿಲ್ಲ. ನನಗೆ ಹನ್ನೆರಡು ದಿನ ಬೇಕಾಯಿತು.

ಅಮ್ಮ ಹೇಳದೆ ಉಳಿದದ್ದು

ಸಂಜೆ ಅಮ್ಮನನ್ನು ಕೇಳಿದೆ, ಮನೆಯಲ್ಲಿ ನೀರು ಯಾರು ನೋಡಿಕೊಳ್ಳುವುದು ಎಂದು. “ಅವನೇ ಅಲ್ವಾ ಸಿಸ್ಟರ್” ಅಂದರು, ಇದು ಎಲ್ಲರಿಗೂ ಗೊತ್ತಿರುವ ವಿಷಯ ಎಂಬಂತೆ.

ಹನ್ನೊಂದು ವರ್ಷದಿಂದ ಅವನದೇ ಕೆಲಸ. ಬೆಳಿಗ್ಗೆ 6ಕ್ಕೆ ಬೋರ್‌ವೆಲ್ ಮೋಟರ್ ಹಾಕುವುದು, ತಾರಸಿಗೆ ಹೋಗುವುದು, ಟ್ಯಾಂಕ್ ತುಂಬಿ ಓವರ್‌ಫ್ಲೋ ಪೈಪಿನಿಂದ ನೀರು ಸುರಿದ ತಕ್ಷಣ ಇಳಿದು ಬಂದು ಆರಿಸುವುದು. ಮಹಡಿಯಲ್ಲಿ ಎರಡು ಬಾಡಿಗೆ ಮನೆ. ಒಂದು ದಿನವೂ ಯಾರೂ ನೀರಿಲ್ಲ ಅಂದಿರಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಮುಂದಿನ ಬೇಸಿಗೆಯಲ್ಲಿ ನಗರದಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿದವಲ್ಲ, ಅವುಗಳಲ್ಲಿ ಇವರದೂ ಒಂದು. ಮಾರ್ಚ್ ಮೊದಲ ವಾರ ಮೋಟರ್ ಬರೀ ಗಾಳಿ ಎಳೆಯಿತು. ಸುಟ್ಟುಹೋಗುತ್ತದೆ ಎಂದು ಅಪ್ಪ ಫ್ಯೂಸ್ ಕಿತ್ತರು. ಕುಮಾರ ಸ್ವಿಚ್ ಒತ್ತುತ್ತಲೇ ಇದ್ದ. ಟ್ಯಾಂಕರ್ ಬರುತ್ತಿದ್ದದ್ದು ಸರಿರಾತ್ರಿ, ಹೊತ್ತು ಗೊತ್ತಿಲ್ಲದೆ. ಅವನು ಮಲಗುವುದನ್ನೇ ಬಿಟ್ಟ. ಬಾಡಿಗೆಯವರು ಕೆಳಗೆ ಬಂದು ನೀರಿಲ್ಲ ಎಂದು ಕೂಗಾಡಿದ ದಿನವೇ ಅವನು ಮೊದಲ ಸಲ ತಲೆ ಚಚ್ಚಿಕೊಂಡದ್ದು.

ಇದನ್ನು ಯಾಕೆ ಹೇಳಲಿಲ್ಲ ಎಂದೆ. “ನೀವು ಕಾಯಿಲೆ ಬಗ್ಗೆ ಕೇಳಿದ್ರಿ” ಅಂದರು.

ಈಗ ನನ್ನ ಪಾಲು. ಆ ಮಾರ್ಚಿನಲ್ಲಿ ಆಸ್ಪತ್ರೆಗೂ ನೀರಿನ ತಾಪತ್ರಯ. ಎಲ್ಲ ವಾರ್ಡುಗಳೂ ಬಳಕೆ ಕಡಿಮೆ ಮಾಡಿ ಎಂದು ಸುತ್ತೋಲೆ ಬಂದಿತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಾತ್‌ರೂಮಿನ ವಾಲ್ವ್ ಮುಚ್ಚುವುದು, ಡ್ರಮ್ಮಿನಲ್ಲಿ ನೀರು ತುಂಬಿಡುವುದು ಎಂದು ತೀರ್ಮಾನಿಸಿದ್ದು ನಾನು. ಒಳ್ಳೆಯ ಉಪಾಯ ಎಂದು ಮೆಚ್ಚುಗೆಯೂ ಸಿಕ್ಕಿತ್ತು. ನಲ್ಲಿ ಒಣಗಿದ ಮನೆಯಿಂದ ಬಂದವನನ್ನು ರಾತ್ರಿಯಿಡೀ ನಲ್ಲಿ ಒಣಗಿರುವ ವಾರ್ಡಿನಲ್ಲಿ ಮಲಗಿಸಿದ್ದೆವು. ಎದ್ದು ನೋಡಿದ್ದಕ್ಕೆ ಬೀಗ ಹಾಕಿದೆವು, ಬೀಗಕ್ಕೆ ಸಿಟ್ಟಾದದ್ದಕ್ಕೆ ಕಟ್ಟಿದೆವು. ಚಾರ್ಟ್ ತೆಗೆದು ನೋಡಿದೆ. 14ರಲ್ಲಿ 12 ಘಟನೆಗಳು ಆ ಎಂಟು ಗಂಟೆಗಳ ಒಳಗೇ ಇದ್ದವು.

ವಾರ್ಡು ಬದಲಾದದ್ದು

ರಾತ್ರಿಯಿಡೀ ನೀರು ಬಿಡಿ ಎಂದು ಆಡಳಿತವನ್ನು ಕೇಳಿದೆ. ಆಗುವುದಿಲ್ಲ ಎಂದರು. ಅವರದೂ ತಪ್ಪಲ್ಲ, ಆಸ್ಪತ್ರೆಯೇ ಟ್ಯಾಂಕರ್ ತರಿಸುತ್ತಿತ್ತು. ಈ 6 ಹಾಸಿಗೆಯ ಬದಿಗೆ ಮಾತ್ರ ಬೇರೆ ಪೈಪ್ ಎಳೆಯಬಹುದೇ ಎಂದೆ. ಪ್ಲಂಬರ್ ಬಂದು ನೋಡಿ, ನಾಲ್ಕರಲ್ಲಿ ಎರಡು ನಲ್ಲಿಗೆ ಆಗುತ್ತದೆ ಎಂದ. ಸರಿ, ಎರಡೇ ಸಾಕು.

ಅಲ್ಲಿ ಇನ್ನೊಂದು ಸಿಕ್ಕು ಎದುರಾಯಿತು. 4ನೇ ಹಾಸಿಗೆಯಲ್ಲಿದ್ದವರಿಗೂ ಆಟಿಸಂ. ಅವರಿಗೆ ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಕಿರುಚುವಷ್ಟು ಹಿಂಸೆ. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಏಟು. ಆ ವರ್ಷ ನೀರು ಉಳಿಸಲು ನಲ್ಲಿಗಳ ಬಾಯಿಗೆ ಏರೇಟರ್, ಅಂದರೆ ಧಾರೆಗೆ ಗಾಳಿ ಬೆರೆಸುವ ಜಾಲರಿ, ಹಾಕಬೇಕು ಎಂದು ಜಲಮಂಡಳಿ ಹೇಳಿತ್ತಲ್ಲ, ನಮ್ಮಲ್ಲೂ ಹಾಕುತ್ತಿದ್ದರು. ಏರೇಟರ್ ಹಾಕಿದರೆ ಸದ್ದು ಕಮ್ಮಿ, 4ನೇ ಹಾಸಿಗೆಯವರಿಗೆ ಸುಖ. ಕುಮಾರ ಮಾತ್ರ ಆ ಸಣ್ಣ ಧಾರೆ ನೋಡಿ ಗಾಬರಿಯಾದ. ಅವನ ಲೆಕ್ಕದಲ್ಲಿ ಧಾರೆ ಸಣ್ಣದಾದರೆ ನೀರು ಮುಗಿಯುತ್ತಾ ಬಂತು ಎಂದರ್ಥ. ಕೊನೆಗೆ ಒಂದಕ್ಕೆ ಏರೇಟರ್ ಹಾಕಿದೆವು. ಇನ್ನೊಂದಕ್ಕೆ ಒಂದು ತುಂಡು ಪೈಪ್ ಸಿಕ್ಕಿಸಿ ಅದರ ತುದಿ ಡ್ರಮ್ಮಿನ ತಳ ಮುಟ್ಟುವಂತೆ ಬಿಟ್ಟೆವು. ಧಾರೆ ದಪ್ಪ, ಸದ್ದಿಲ್ಲ. ಈ ಪೈಪಿನ ಉಪಾಯ ಹೊಳೆದದ್ದು ಕಚ್ಚಿಸಿಕೊಂಡಿದ್ದ ಅಟೆಂಡರ್‌ಗೆ.

ಅವನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೀಗ ಹಾಕಿದ್ದು ಅವನೇ ಆದರೂ, ನೀರು ಪೋಲಾದರೆ ನಿನ್ನನ್ನೇ ಕೇಳುತ್ತೇನೆ ಎಂದಿದ್ದವಳು ನಾನು. ಎಲ್ಲರ ಎದುರಿಗೇ ಅದನ್ನು ಹೇಳಿದೆ. ಆಮೇಲೆ ಬೆಳಿಗ್ಗೆ 6ಕ್ಕೆ ವಾಲ್ವ್ ತೆರೆಯುವ ಕೆಲಸವನ್ನು ಇಬ್ಬರಿಗೂ ಸೇರಿಸಿ ಕೊಟ್ಟೆವು. ಕಾರಿಡಾರಿನ ಕೊನೆಯಲ್ಲಿ ವಾಲ್ವ್ ಇದೆ. ಅಟೆಂಡರ್ ಬಾಗಿಲು ತೆಗೆಯುತ್ತಾನೆ, ಕುಮಾರ ತಿರುಗಿಸುತ್ತಾನೆ, ಬಂದು ನಾಲ್ಕೂ ನಲ್ಲಿ ನೋಡಿ ಬೋರ್ಡಿನ ಮೇಲೆ ಗೆರೆ ಎಳೆಯುತ್ತಾನೆ. ಬೋರ್ಡಿಗೆ ಹೊಸ ಚಿತ್ರಗಳನ್ನು ಹಾಕಿದೆವು. ಎಲ್ಲ ಫೋನಿನಲ್ಲಿ ತೆಗೆದ ನಮ್ಮದೇ ಬಕೆಟ್ಟು, ನಮ್ಮದೇ ತಟ್ಟೆ. ಅವುಗಳನ್ನು ಮಾತ್ರ ದಿನಾ ನೋಡುತ್ತಿದ್ದ.

ಅಮ್ಮನಿಗೆ ಬೆಳಿಗ್ಗೆ ಹೊತ್ತು ಬರಲು ಬಿಡುವುದಕ್ಕೆ ಜಾಸ್ತಿ ವಿರೋಧ ಬಂದದ್ದು ನಮ್ಮ ನರ್ಸುಗಳಿಂದಲೇ. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು. ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಮನೆಯವರು ರೋಗಿಯ ಜೊತೆಗೇ ಉಳಿಯುತ್ತಾರೆ, ಎರಡು ಗಂಟೆ ಹೊತ್ತು ಇರುವುದಕ್ಕೆ ನಾವು ಇಷ್ಟು ಹೆದರಬೇಕೇ ಎಂದೆ. ಎಲ್ಲರೂ ಕೇಳಿದರು, ನಿಜ. ಬಂದವರು ಇಬ್ಬರು.

ಲೊರಾಝೆಪಾಮ್ ದಿನಕ್ಕೆ 6 ಮಿಲಿಗ್ರಾಂ, ಆಮೇಲೆ 8. ಅದಕ್ಕೆ ಸ್ಪಂದಿಸದಿದ್ದರೆ ಇಸಿಟಿ (ಮಿದುಳಿಗೆ ಕರೆಂಟ್ ಕೊಡುವ ಚಿಕಿತ್ಸೆ) ಎಂದು ಅಮ್ಮನ ಜೊತೆ ಮಾತಾಡಿಟ್ಟಿದ್ದೆವು, ಬೇಕಾಗಲಿಲ್ಲ. ಎದ್ದು ಓಡಾಡುವಾಗ ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು. ಆತಂಕಕ್ಕೆಂದು ಸಣ್ಣ ಡೋಸಿನ ಸರ್ಟ್ರಲೀನ್ ಶುರುವಾಯಿತು. ಹನ್ನೆರಡನೇ ದಿನದ ನಂತರ ಒಮ್ಮೆಯೂ ಕಟ್ಟಲಿಲ್ಲ. ಹತ್ತೊಂಬತ್ತನೇ ದಿನ ಬೆಳಿಗ್ಗೆ ಕರೆಂಟ್ ಹೋಗಿ ಪಂಪ್ ನಿಂತಾಗ ತನ್ನ ಕೈಯನ್ನೇ ಕಚ್ಚಿಕೊಂಡ, ರಕ್ತ ಬಂತು. ಅಟೆಂಡರ್ ಅವನನ್ನು ಕರೆದುಕೊಂಡು ಹೋಗಿ ಆರಿದ ಬಲ್ಬ್ ತೋರಿಸಿ “ಕರೆಂಟ್ ಇಲ್ಲ, ಮೋಟರ್ ಇಲ್ಲ” ಅಂದ. ಹತ್ತು ನಿಮಿಷ ಇಬ್ಬರೂ ಬಲ್ಬ್ ನೋಡುತ್ತಾ ನಿಂತಿದ್ದರು. 27ನೇ ದಿನ ಮನೆಗೆ ಹೋದ, ತೂಕ ಎರಡೂವರೆ ಕೆಜಿ ಏರಿತ್ತು.

ಮನೆಯಲ್ಲಿ ಬೋರ್‌ವೆಲ್ ಇನ್ನೂ ಒಣಗಿಯೇ ಇತ್ತು. ಹೋಗುವ ಮೊದಲು ಅಪ್ಪನನ್ನೂ ಕೂರಿಸಿಕೊಂಡು ಅವನ ಕೆಲಸವನ್ನು ಬದಲಿಸಿದೆವು. ಟ್ಯಾಂಕರ್‌ನವರು ಒಂದು ಗಂಟೆ ಮೊದಲು ಅಮ್ಮನಿಗೆ ಫೋನ್ ಮಾಡಬೇಕು. ನೆಲದಡಿಯ ಸಂಪ್‌ಗೆ ಪೈಪ್ ಬಿಡುವುದು, ಗುರುತು ಹಾಕಿದ ಕೋಲಿನಿಂದ ಎಷ್ಟು ತುಂಬಿದೆ ನೋಡುವುದು, ಮುಚ್ಚಳ ಹಾಕುವುದು ಕುಮಾರನ ಕೆಲಸ, ಅಪ್ಪನೋ ಅಮ್ಮನೋ ಜೊತೆಗಿರಬೇಕು. ಫ್ಯೂಸ್ ಕಿತ್ತ ಸ್ವಿಚ್ಚಿನ ಮೇಲೆ ಅಪ್ಪ ಹಲಗೆ ಹೊಡೆದರು.

ವಾರ್ಡಿನ ಚಾರ್ಟಿನಲ್ಲಿ ಈಗ ‘ಏನೂ ಇಲ್ಲ’ ಎಂದು ಬರೆದರೆ ನಾನು ವಾಪಸ್ ಕೊಡುತ್ತೇನೆ. ನೀವು ಏನು ಮಾಡುತ್ತಿದ್ದಿರಿ ಅದನ್ನು ಬರೆಯಿರಿ ಎನ್ನುತ್ತೇನೆ. ‘ಶಾಂತ’ ಎಂಬ ಪದವನ್ನು ಹ್ಯಾಂಡೋವರ್‌ನಲ್ಲಿ ನಿಲ್ಲಿಸಿದ್ದೇವೆ. ಎಷ್ಟು ಹೊತ್ತಿಗೆ ಎದ್ದರು, ಎಷ್ಟು ತಿಂದರು, ಎಲ್ಲಿಗೆ ನಡೆದರು ಎಂದು ಬರೆಯಬೇಕು. ಬೈದುಕೊಂಡೇ ಬರೆಯುತ್ತಾರೆ. ಉದ್ಯೋಗದ ಕಾಲಂ ಪಕ್ಕ ಪೆನ್ನಿನಲ್ಲಿ ‘ಮನೆಯಲ್ಲಿ ಯಾವ ಕೆಲಸ ಇವರದು?’ ಎಂದು ಸೇರಿಸಿದ್ದೇವೆ. ಫಾರಂ ಮತ್ತೆ ಅಚ್ಚು ಹಾಕಿಸಲು ಇನ್ನೂ ಒಪ್ಪಿಗೆ ಬಂದಿಲ್ಲ.

2024ರ ಅಕ್ಟೋಬರ್‌ನಲ್ಲಿ ಆ 110 ಹಳ್ಳಿಗಳಿಗೆಂದು ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ಕುಮಾರನ ಮನೆಗೆ ಸಂಪರ್ಕ ಸಿಗಲು ಇನ್ನಷ್ಟು ತಿಂಗಳಾಯಿತು. ಸಿಕ್ಕ ವಾರ ಅಮ್ಮ ಫೋನ್ ಮಾಡಿದ್ದರು. ನೀರು ಎರಡು ದಿನಕ್ಕೊಮ್ಮೆ, ಬೆಳಗಿನ ಜಾವ ನಾಲ್ಕಕ್ಕೆ. ಅವನು ಮೂರೂವರೆಗೇ ಎದ್ದು ಕೂರುತ್ತಾನೆ. ಬಂದ ತಕ್ಷಣ “ಬಂತು” ಎಂದು ಕೂಗಿ ಮಹಡಿಯವರನ್ನೂ ಎಬ್ಬಿಸುತ್ತಾನೆ. ಊಟ ಚೆನ್ನಾಗಿ ಮಾಡುತ್ತಾನೆ. ಲೊರಾಝೆಪಾಮ್ ಮಾತ್ರೆ ಇನ್ನೂ 2 ಮಿಲಿಗ್ರಾಂ ಇದೆ, ಪೂರ್ತಿ ನಿಲ್ಲಿಸಲು ಹೋದಾಗ ಮತ್ತೆ ಹೊಸ್ತಿಲಲ್ಲಿ ನಿಂತಿದ್ದ.

“ನೀರು ಬಿಡೋರಿಗೆ ಹೇಳಿ ಟೈಮ್ ಆರಕ್ಕೆ ಮಾಡ್ಸೋಕಾಗಲ್ವಾ ಸಿಸ್ಟರ್?” ಅಂದರು. “ನಮಗೆಲ್ಲ ನಿದ್ದೆನೇ ಇಲ್ಲ.”